ಅಕ್ಷರಕ್ಕೆ ಮುನ್ನೂರು ಫಿಲ್ಸ್

ಆಗಸ್ಟಿನಲ್ಲಿ ರಟ್ಟಿನ ಪೆಟ್ಟಿಗೆಗಳು ಬರುತ್ತವೆ.
ಮನಾಮಾದ ಸೂಕ್‌ನಲ್ಲಿ, ಕೇಸರಿ ಮಾರುವ ಇರಾನಿಗೂ
ವಾಚು ರಿಪೇರಿಯವನಿಗೂ ನಡುವೆ
ಆರಡಿ ಅಗಲದ ನಮ್ಮ ಜಾಗ.
ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ನನ್ನ ಒತ್ತುಯಂತ್ರ ನೂರೈವತ್ತು.
ಹದಿನೈದು ಸೆಕೆಂಡು ಒತ್ತಿದರೆ
ಯಾರ ಬೆನ್ನಿಗಾದರೂ ಯಾರದೋ ಹೆಸರು.

ನಾನು ಗಂಗೊಳ್ಳಿಯ ಖಾರ್ವಿ. ಬಲೆಯ ಕಣ್ಣು ಎಣಿಸಿ ಬೆಳೆದವನು.
ಜರ್ಮನ್ನರ ಹೆಸರೂ ಹಾಗೆಯೇ:
ಒಂದು ಕಣ್ಣು ತಪ್ಪಿದರೆ ಇಡೀ ಸಾಲು ವಾರೆ.
ನಾಲಿಗೆಗೆ ಬಾರದ್ದು
ಬೆರಳಿಗೆ ಬರುತ್ತದೆ.

ಶನಿವಾರ ನಾಲ್ಕೂವರೆಗೆ ಶಟರ್ ಎತ್ತಿ
ಮೊದಲು ಟಿವಿ, ಆಮೇಲೆ ದೀಪ.
ಮಾಲೀಕ ಅಬು ರಾಶಿದ್‌ಗೆ ಕಲ್ಲಿದ್ದಲೂರಿನ ತಂಡವೇ ಪ್ರಾಣ,
ಪ್ರಾಯದಲ್ಲಿ ಆರು ತಿಂಗಳು ಅಲ್ಲಿ ವೆಲ್ಡಿಂಗ್ ಕಲಿತನಂತೆ.
ಕೊನೆಯ ನಿಮಿಷದ ಗೋಲಿಗೂ ಮಗ್ರಿಬ್ ಬಾಂಗಿಗೂ
ಆ ತಿಂಗಳಲ್ಲಿ ಒಂದೇ ಗಳಿಗೆ;
ಅವನು ಎದ್ದು ನಿಂತದ್ದು ಯಾವುದಕ್ಕೆಂದು
ನಾನು ಕೇಳುವುದಿಲ್ಲ.

ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರು,
ನಮ್ಮ ಆಟ ಐದೂವರೆಗೆ ಜರುಗಿತು.
ಹದಿನೆಂಟರಲ್ಲಿ ಹದಿನಾರನೆಯದು ಕಲ್ಲಿದ್ದಲೂರು.
ಹತ್ತನೇ ನಂಬರಿನ ಹೆಸರು ಕೇಳಿ ಬರುತ್ತಿದ್ದ ಹುಡುಗರು
ಎದುರು ಅಂಗಡಿಯಲ್ಲಿ ಜ್ಯೂಸು ಕುಡಿಯುತ್ತಿದ್ದರು.

ಮರಿಸೆಲ್ ಬಂದದ್ದು ಆಗ.
ಆಸ್ಪತ್ರೆಯ ನೆಲ ಒರೆಸುವವಳು, ಶುಕ್ರವಾರ ಬೆಳಿಗ್ಗೆ
ಸಲ್ಮಾನಿಯಾದ ಹಿಂದಿನ ಮರಳಿನಲ್ಲಿ ಗೋಲು ಕಾಯುವವಳು.
ಕೈಯಲ್ಲಿ ಬೋಳು ಹಳದಿ ಅಂಗಿ, ಚೀಟಿಯಲ್ಲಿ ಒಂದು ಹೆಸರು:
ಹ್ಯುಟೆನ್‌ಮ್ಯುಲರ್.
"ಇದು ಯಾವನು?" ಅಬು ರಾಶಿದ್ ಕನ್ನಡಕ ಏರಿಸಿದ.
"ಯಾವನಲ್ಲ ಬಾಬಾ, ಯಾವಳು. ನಿನ್ನದೇ ತಂಡ. ಹೆಂಗಸರದ್ದು. ಗೋಲ್‌ಕೀಪರ್."
ಮೂವತ್ತು ವರ್ಷದ ಭಕ್ತ. ಅವನಿಗೆ ಗೊತ್ತೇ ಇರಲಿಲ್ಲ.

ಹನ್ನೆರಡು ಅಕ್ಷರ, ಮೂರು ದಿನಾರ್ ಆರುನೂರು.
ಅವಳು ನಾಣ್ಯ ಎಣಿಸಿ, ನಿಂತು, ಮತ್ತೆ ಎಣಿಸಿದಳು:
"ಮೇಲಿನ ಚುಕ್ಕಿಗಳಿಗೆ ಬೇರೆಯೋ?"
ನಮ್ಮಲ್ಲಿ ಸೊನ್ನೆ ಅಕ್ಷರದ ಪಕ್ಕ ಕೂರುತ್ತದೆ,
ಅವರಲ್ಲಿ ನೆತ್ತಿಯ ಮೇಲೆ, ಜೋಡಿಯಾಗಿ,
ತಂತಿಯ ಮೇಲಿನ ಗುಬ್ಬಿಗಳ ಹಾಗೆ.
ಚುಕ್ಕಿಗೆ ದುಡ್ಡಿಲ್ಲ, ಅಂದೆ.
ಉಳಿದ ಚೂರಿನಲ್ಲಿ ನಾಲ್ಕು ಕತ್ತರಿಸಿದೆ.

ಭಾನುವಾರಗಳಲ್ಲಿ ನಾನೂ ನೋಡತೊಡಗಿದೆ, ಫೋನಿನಲ್ಲಿ.
ಚಿಕ್ಕ ಮೈದಾನ, ಬೇಲಿಗೆ ಒರಗಿಸಿಟ್ಟ ಸೈಕಲ್ಲು,
ಸಾವಿರದ ಚಿಲ್ಲರೆ ಜನ.
ಗಂಡಸರ ಆಟದ ಗದ್ದಲದಲ್ಲಿ
ಆಟಗಾರನ ದನಿ ಎಂದಾದರೂ ಕೇಳಿದ್ದುಂಟೇ?
ಇಲ್ಲಿ ಅವಳು ಕೂಗಿದ್ದು ಪ್ರತಿಯೊಂದೂ ಕೇಳುತ್ತದೆ.
ಒಂದಕ್ಷರ ಅರ್ಥವಾಗದು. ಆದರೂ ಗುರುತಿನ ದನಿ:
ದಕ್ಕೆಯ ಹರಾಜಿನಲ್ಲಿ ನಮ್ಮಕ್ಕ
ಬಂಗುಡೆಯ ಬೆಲೆ ಇಳಿಯಗೊಡದೆ ಕೂಗುವುದು.

ಡಿಸೆಂಬರಿನಲ್ಲಿ ಪರದೆಯ ತುಂಬ ಹಿಮ, ಆಮೇಲೆ ರಜೆ.
ನಾನು ಸ್ವೆಟರ್ ಹಾಕಿಕೊಂಡೆ, ಹದಿನೆಂಟು ಡಿಗ್ರಿಗೆ.

ಮೇ ಬಂತು.
ಹೆಂಗಸರ ಕೊನೆಯ ಭಾನುವಾರ, ಸಮವಾದರೂ ಸಾಕಿತ್ತು.
ಎಂಬತ್ತೆಂಟನೇ ನಿಮಿಷದ ಪೆನಾಲ್ಟಿ
ಎಡಗೈಯ ಕಿರುಬೆರಳಿಗೆ ತಾಗಿ ಕಂಬಕ್ಕೆ ಹೋಯಿತು.
ಉಳಿದುಕೊಂಡರು.
ಗಂಡಸರು ಎಂಟು ದಿನದ ಮೇಲೆ
ಉಳಿವಿನ ಆಟದಲ್ಲಿ ಸೋತು ಕೆಳಕ್ಕೆ ಹೋದರು.
ಅಬು ರಾಶಿದ್ ಟಿವಿ ಆರಿಸಲಿಲ್ಲ, ದನಿ ಮಾತ್ರ ಆರಿಸಿದ.

ಈಗ ಬಾಗಿಲಲ್ಲೊಂದು ಬುಟ್ಟಿ: ಯಾವುದು ತೆಗೆದರೂ ಎರಡು ದಿನಾರ್.
ಹತ್ತನೇ ನಂಬರು ಅಲ್ಲಿ ಮಗುಚಿ ಬಿದ್ದಿದ್ದಾನೆ.
ಅವಳ ಅಂಗಿ ಬುಟ್ಟಿಗೆ ಬೀಳಲಿಲ್ಲ,
ಪೆಟ್ಟಿಗೆಯಲ್ಲಿ ಬಂದಿದ್ದರಲ್ಲವೇ ಬೀಳುವುದು.

ಜೂನಿನಲ್ಲಿ ಸುದ್ದಿ: ಹ್ಯುಟೆನ್‌ಮ್ಯುಲರ್ ಬೇರೆ ಊರಿಗೆ.
ಮರಿಸೆಲ್ ಅಂಗಿ ತಂದಳು. ಬಿಚ್ಚಿಬಿಡಲೇ, ಕೇಳಿದೆ.
"ಹೆಸರು ಅದೇ ಅಲ್ಲವಾ," ಅಂದಳು,
"ಒಗೆತದಲ್ಲಿ ಒಂದು ಚುಕ್ಕಿ ಹೋಗಿದೆ, ನೋಡು."
ಕತ್ತರಿ ಹುಡುಕಿದೆ. ಅಬು ರಾಶಿದ್
ಕನ್ನಡಕ ಏರಿಸಿ, ತಾನೇ ಬೆರಳ ತುದಿಯಲ್ಲಿ
ಅದನ್ನು ಅದರ ಜಾಗಕ್ಕಿಟ್ಟು ಹಿಡಿದ.
ಬೆರಳು ತೆಗಿ, ಸುಡುತ್ತದೆ, ಅಂದೆ.
ಹದಿನೈದು ಎಣಿಸಿದೆ.